ಕಂಪ್ಲಿಯ ಚೆನ್ನಬಸಮ್ಮ ಇದ್ದಾರೆ

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಕಂಪ್ಲಿಯಲ್ಲಿ ಚೆನ್ನಬಸಮ್ಮ ಎಂಬವರೊಬ್ಬರು ಇದ್ದಾರೆ. ಹಿಂದೆ ಬೆಲ್ಲದ ದಲಾಲಿ ಮಂಡಿ ನಡೆಸಿದವರು. ಈಗ ಎಂಬತ್ತು ದಾಟಿದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಮಗನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಅವರು ಇಲ್ಲ ಎಂದು ನಿಮ್ಮ ಕಚೇರಿ ಲಿಖಿತವಾಗಿ ತೀರ್ಮಾನಿಸಿದೆ. ನನ್ನ ಎಂ.ಕಾಂ. ಅಸೈನ್‌ಮೆಂಟಿನಲ್ಲಿ ಅವರ ವ್ಯಾಪಾರದ ಬಗ್ಗೆ ನಾನು ಕೊಟ್ಟ ಆಕರಗಳು ‘ಕಲ್ಪಿತ’ ಎಂದು ಘೋಷಿಸಿ, ಸೊನ್ನೆ ಅಂಕ ಕೊಟ್ಟು, ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ಅಂತಿಮ ಸೆಮಿಸ್ಟರಿನ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನೋಟಿಸು ತಮ್ಮ ಸಹಿಯೊಂದಿಗೆ ನನಗೆ ತಲುಪಿದೆ. ತಪ್ಪೊಪ್ಪಿಗೆಯ ಒಕ್ಕಣೆಯನ್ನೂ ನೀವೇ ಅಚ್ಚು ಹಾಕಿಸಿ ಕಳಿಸಿದ್ದೀರಿ. ನಾನು ಹೆಸರು ತುಂಬಿ ಸಹಿ ಹಾಕಿದರೆ ಸಾಕು. ಇಷ್ಟು ಅನುಕೂಲವನ್ನು ವಿಶ್ವವಿದ್ಯಾಲಯ ಈ ಎರಡು ವರ್ಷಗಳಲ್ಲಿ ನನಗೆ ಬೇರೆ ಯಾವ ವಿಷಯದಲ್ಲೂ ಮಾಡಿಕೊಟ್ಟಿರಲಿಲ್ಲ.

ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಮೊದಲು ತಮಗೇ ಬರೆದೆ. ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ನಾನು ಹೆಚ್ಚು ಮಾತನಾಡುವವಳಲ್ಲ. ತರಗತಿಯಲ್ಲಿ ಕೈ ಎತ್ತಿದ ನೆನಪಿಲ್ಲ. ಮನೆಯಲ್ಲಿ ನನ್ನಕ್ಕ ಹೇಮಾ, “ನೀನು ಮಾತಾಡೋದು ಪುಸ್ತಕದ ಜೋಡಿನ ಬಿಡು” ಎನ್ನುತ್ತಾಳೆ. ಅಂಥವಳು ಊರೆಲ್ಲ ಓದುವಂತೆ ಬರೆಯಬೇಕಾಯಿತು ಎಂದರೆ ಅದಕ್ಕೆ ತಕ್ಕ ಕಾರಣವಿದೆ. ಮೊದಲಿನಿಂದ ಹೇಳುತ್ತೇನೆ. ಯಾವ ಮಾತಿಗೆ ಯಾವ ಆಕರ ಎಂಬುದನ್ನೂ ಹೇಳುತ್ತೇನೆ.

ನಮಗೆ ಕೊಟ್ಟ ವಿಷಯ ‘ನಿಮ್ಮ ಸುತ್ತಲಿನ ಒಂದು ಉದ್ಯಮದಲ್ಲಿ ಬೆಲೆ ನಿರ್ಧಾರವಾಗುವ ಬಗೆ’. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಗ್ರಂಥಾಲಯದ ಆಕರಗಳನ್ನು ಬಳಸುವುದು ಕಡ್ಡಾಯ’ ಎಂದಿತ್ತು. ನಾನು ಮಾಡಿದ ಮೊದಲ ತಪ್ಪು, ಆ ದಪ್ಪಕ್ಷರವನ್ನು ನಂಬಿದ್ದು.

ನಂಬಿ ಮೊದಲು ನಿಮ್ಮದೇ ಗ್ರಂಥಾಲಯಕ್ಕೆ ಹೋದೆ. ವಾಣಿಜ್ಯ ವಿಭಾಗದ ಪುಸ್ತಕಗಳು ಅಲ್ಲಿ ಗಾಜಿನ ಬೀರುಗಳಲ್ಲಿವೆ. ತಾವು ನೋಡಿರಬೇಕು. ಪರಿಶೀಲನಾ ಸಮಿತಿ ಬಂದಾಗ ಹೂಗುಚ್ಛ ಹಿಡಿದು ನಡೆಯುವ ದಾರಿಯಲ್ಲೇ ಇವೆ. ದಪ್ಪ ದಪ್ಪ ಪುಸ್ತಕಗಳು. ಕೆಲವಕ್ಕೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯೂ ಹೋಗಿಲ್ಲ. ಬೆಲೆ ನಿರ್ಧಾರದ ಬಗ್ಗೆಯೇ ಒಂದು ಪುಸ್ತಕ ಇತ್ತು. ಬೆನ್ನು ಮಾತ್ರ ಕಾಣುತ್ತಿತ್ತು. ಬೀಗ ತೆಗೆಯಿರಿ ಎಂದು ಕೇಳಿದೆ. ಕೌಂಟರಿನಲ್ಲಿದ್ದ ಉಚ್ಚೆಂಗಪ್ಪ ಎಂಬವರು ನನ್ನನ್ನೇ ಒಂದು ಗಳಿಗೆ ನೋಡಿ, “ಏನವ್ವ, ಕಮಿಟಿ ಬರಾಕತ್ತೈತೇನು?” ಎಂದರು.

“ಇಲ್ಲ ಸರ್, ಓದೋಕೆ.”

“ಓದಾಕಾ?” ಅವರಿಗೆ ನಿಜಕ್ಕೂ ಅಚ್ಚರಿಯಾಯಿತು. “ಕೀಲಿ ಸಾಹೇಬ್ರ ಹತ್ರ ಐತಿ. ಸಾಹೇಬ್ರು ಡೆಪ್ಯುಟೇಶನ್ ಮ್ಯಾಗ ಹೋಗ್ಯಾರ. ನೀ ಗಾಜಿನ್ಯಾಗಿಂದ ಹೆಸರು ಬರಕೊಂಡು ಹೋಗವ್ವ, ಎಲ್ಲಾರೂ ಹಂಗ ಮಾಡತಾರ.”

ಅವರು ಸುಳ್ಳು ಹೇಳಲಿಲ್ಲ, ಕುಲಸಚಿವರೇ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಗಾಜಿನ ಹೊರಗಿನಿಂದ ಪುಸ್ತಕದ ಹೆಸರು, ಬರೆದವರ ಹೆಸರು ಬರೆದುಕೊಂಡು ಹೋಗಿ ಆಕರಸೂಚಿಯಲ್ಲಿ ಸೇರಿಸುತ್ತಾರೆ. ಯಾರೂ ತೆರೆಯದ ಪುಸ್ತಕಗಳು ನಮ್ಮ ವಿಭಾಗದ ಅಸೈನ್‌ಮೆಂಟುಗಳಲ್ಲಿ ವರ್ಷವರ್ಷವೂ ಉಲ್ಲೇಖವಾಗುತ್ತಿವೆ. ಅವುಗಳನ್ನು ತಾವು ಕಲ್ಪಿತ ಎಂದು ಕರೆದ ದಾಖಲೆ ನನಗೆ ಸಿಗಲಿಲ್ಲ. ಇನ್ನು ಇ-ಗ್ರಂಥಾಲಯ. ಅದರ ಪಾಸ್‌ವರ್ಡ್ ಮೊದಲ ಸೆಮಿಸ್ಟರಿನಲ್ಲಿ ಬರಬೇಕಿತ್ತು. ಬರುತ್ತಲೇ ಇದೆ.

ಹಾಗಾಗಿ ನಾನು ಹೊಸಪೇಟೆಯಲ್ಲಿ ಶಾಲಾದಿನಗಳಿಂದ ಹೋಗುತ್ತಿರುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಕೆಂಪು ಧೂಳು ಅಲ್ಲಿನ ಕಿಟಕಿಯ ಸರಳುಗಳ ಮೇಲೆ ಕೂತಿರುತ್ತದೆ. ಒಳಗೆ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ನಾನು ಅಲ್ಲಿಗೆ ಹೋಗುತ್ತಿದ್ದುದು ಅನುವಾದಿತ ಕಾದಂಬರಿಗಳಿಗಾಗಿ. ರಷ್ಯಾದ ಹಿಮ, ಬಂಗಾಳದ ನದಿ, ನಾನು ನಕ್ಷೆಯಲ್ಲೂ ಹುಡುಕಲಾರದ ಊರುಗಳ ಮಳೆ, ಎಲ್ಲವನ್ನೂ ನಾನು ಆ ಮರದ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಓದಿದ್ದೇನೆ. ಅನುವಾದ ಓದುವವರಿಗೆ ಒಂದು ಅಭ್ಯಾಸ ಬೆಳೆಯುತ್ತದೆ. ಕತೆಗೆ ಕೈ ಹಾಕುವ ಮೊದಲು ಮೂಲ ಯಾವ ಭಾಷೆಯದು, ಅನುವಾದಕರು ಅದರಿಂದಲೇ ತಂದರೋ ನಡುವೆ ಇನ್ನೊಂದು ಭಾಷೆ ಇದೆಯೋ ಎಂದು ಮೊದಲ ಪುಟ ತಿರುಗಿಸಿ ನೋಡುತ್ತೇವೆ. ಯಾರ ಮಾತು ಯಾರ ಮೂಲಕ ಬಂತು ಎಂಬುದು ನಮಗೆ ಮುಖ್ಯ. ಕಲ್ಪಿತ ಯಾವುದು, ಆಕರ ಯಾವುದು ಎಂದು ನನಗೆ ಗೊತ್ತಿಲ್ಲ ಎಂದು ನೋಟಿಸು ಕಳಿಸುವಾಗ ತಮ್ಮ ಕಚೇರಿಗೆ ಈ ವಿಷಯ ತಿಳಿದಿರಲಿಲ್ಲ. ತಪ್ಪಲ್ಲ ಬಿಡಿ. ಕಾದಂಬರಿ ಮಾತ್ರ ಓದಬೇಕು ಅನ್ನಿಸಿದ ದಿನಗಳಲ್ಲಿ ನಾನು ಕಾದಂಬರಿಯನ್ನೇ ಓದಿದ್ದೇನೆ. ಅದನ್ನು ಅಸೈನ್‌ಮೆಂಟ್ ಎಂದು ಕರೆದಿಲ್ಲ.

ಅಲ್ಲಿನ ಸಹಾಯಕಿ ರೇಣುಕಮ್ಮನವರಿಗೆ ನಾನು ಬೇರೆ ಕಪಾಟಿನತ್ತ ಹೋದದ್ದೇ ವಿಶೇಷವಾಯಿತು. “ಯಾಕ ಶಾಂಭವಿ, ಫಾರಿನ್ ಮಂದಿ ಎಲ್ಲಾ ತೀರಿದ್ರೇನು?” ಎಂದರು. ಬೆಲ್ಲದ ವ್ಯಾಪಾರದ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದೆ. ಕಿಟಕಿ ಪಕ್ಕದ ಕಪಾಟಿನ ಕೆಳಗಿನ ಅರೆಯನ್ನು ತೋರಿಸಿ, “ಆ ಸೋವನೀರ್‌ಗಳು ಅದಾವ ನೋಡು. ಯಾರೂ ಕೇಳಂಗಿಲ್ಲ, ನಾನೂ ಒಗೆಯಂಗಿಲ್ಲ. ಬಗ್ಗಬೇಕಾಕ್ಕೈತಿ” ಎಂದರು.

ನಾನು ನೆಲದ ಮೇಲೇ ಕೂತೆ. ಸ್ಮರಣ ಸಂಚಿಕೆಗಳನ್ನು ತಾವು ಬಲ್ಲಿರಿ. ಸಂಘದ ಬೆಳ್ಳಿಹಬ್ಬ, ಶಾಲೆಯ ಸುವರ್ಣ ಮಹೋತ್ಸವ, ಸಮ್ಮೇಳನ, ಎಲ್ಲಕ್ಕೂ ಒಂದೊಂದು ಬರುತ್ತದೆ. ಮೊದಲು ಗಣ್ಯರ ಸಂದೇಶ, ಆಮೇಲೆ ಪದಾಧಿಕಾರಿಗಳ ಪಟ, ನಡುವೆ ನಾಲ್ಕಾರು ಲೇಖನ, ಉಳಿದದ್ದೆಲ್ಲ ಜಾಹೀರಾತು. ಬಿಡುಗಡೆಯ ದಿನ ಎಲ್ಲರೂ ತಮ್ಮ ಪಟ ನೋಡಿಕೊಳ್ಳುತ್ತಾರೆ. ಮರುದಿನದಿಂದ ಯಾರೂ ನೋಡುವುದಿಲ್ಲ. ಆದರೆ ಒಂದು ಊರಿನ ವ್ಯಾಪಾರ ಹೇಗಿತ್ತೆಂದು ತಿಳಿಯಬೇಕಾದವರಿಗೆ ಗಣ್ಯರ ಸಂದೇಶಕ್ಕಿಂತ ಆ ಜಾಹೀರಾತುಗಳು ಹೆಚ್ಚು ಹೇಳುತ್ತವೆ. ಯಾರ ಮಂಡಿ ಎಲ್ಲಿತ್ತು, ಯಾರಿಗೆ ಅರ್ಧ ಪುಟ ಕೊಳ್ಳುವ ತಾಕತ್ತಿತ್ತು, ಯಾರು ಎರಡು ಸಾಲಿಗೇ ನಿಂತರು, ಎಲ್ಲವೂ ಅಲ್ಲಿದೆ.

ಕಂಪ್ಲಿಯ ವರ್ತಕರ ಸಂಘವೊಂದು ತನ್ನ ಬೆಳ್ಳಿಹಬ್ಬಕ್ಕೆ ತಂದಿದ್ದ ಸಂಚಿಕೆಯಲ್ಲಿ ನನಗೆ ಒಂದು ಜಾಹೀರಾತು ಸಿಕ್ಕಿತು. ‘ಶ್ರೀಮತಿ ಚೆನ್ನಬಸಮ್ಮ ಅಂಡ್ ಸನ್ಸ್, ಬೆಲ್ಲದ ದಲಾಲಿ ಮಂಡಿ, ಕಂಪ್ಲಿ. ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳಲಾಗುವುದು.’

ಕೊನೆಯ ಸಾಲಿನಲ್ಲಿ ನಿಂತುಬಿಟ್ಟೆ. ದರವನ್ನು ಬಾಯಿಬಿಟ್ಟು ಹೇಳುವುದೂ ಜಾಹೀರಾತು ಕೊಡುವ ಸಂಗತಿಯೇ? ಹಾಗಾದರೆ ಉಳಿದವರು ಹೇಗೆ ಹೇಳುತ್ತಿದ್ದರು? ಉತ್ತರ ಅದೇ ಸಂಚಿಕೆಯ ಲೇಖನವೊಂದರಲ್ಲಿತ್ತು. ಬೆಲ್ಲದ ಪೆಂಟೆಗಳ ಮುಂದೆ ದಲಾಲನೂ ಕೊಳ್ಳುವವನೂ ಎದುರುಬದುರು ನಿಲ್ಲುತ್ತಿದ್ದರು. ಇಬ್ಬರ ಕೈ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು, ಇಷ್ಟು ಬೆರಳಿಗೆ ಇಷ್ಟು, ಇಂಥ ಗೆಣ್ಣಿಗೆ ಇಂತಿಷ್ಟು ಎಂದು ಮಾತಿಲ್ಲದೆ ದರ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ. ಕಬ್ಬು ಬೆಳೆದು, ಗಾಣದಲ್ಲಿ ಹೊಗೆ ಕುಡಿದು ಬೆಲ್ಲ ಮಾಡಿ ತಂದವನಿಗೂ ಕಾಣುತ್ತಿರಲಿಲ್ಲ. ಟವೆಲ್ ತೆಗೆದ ಮೇಲೆ ದಲಾಲ ಹೇಳಿದ್ದೇ ದರ.

ಚೆನ್ನಬಸಮ್ಮನ ಮಂಡಿಯಲ್ಲಿ ಮಾತ್ರ ಟವೆಲ್ ಏಕಿರಲಿಲ್ಲ? ಅದನ್ನು ಲೇಖನ ಹೇಳಲಿಲ್ಲ. ಹಾಗಾಗಿ ಕಂಪ್ಲಿಯ ಬಸ್ಸು ಹತ್ತಿದೆ.

ಜಾಹೀರಾತಿನ ವಿಳಾಸದಲ್ಲಿ ಈಗ ಪೈಪು, ಮೋಟರು, ಸ್ಪ್ರಿಂಕ್ಲರು ಮಾರುವ ಅಂಗಡಿ ಇದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವರು ಮಗ ಕೊಟ್ರಯ್ಯ. “ಏನ್ ಸರ್ವೇ ರೀ? ಮೊನ್ನೆ ಒಬ್ರು ಬಂದು ಮನ್ಯಾಗ ಸೊಳ್ಳಿ ಎಷ್ಟು ಅದಾವ ಅಂತ ಕೇಳಿ ಬರಕೊಂಡು ಹೋದ್ರು” ಎಂದರು. ಬೆಲ್ಲದ ಮಂಡಿಯ ಬಗ್ಗೆ ಎಂದೆ. “ಅದನ್ನ ಬಿಟ್ಟು ಭಾಳ ವರ್ಷ ಆತು. ನನಗೇನು ಗೊತ್ತಿಲ್ಲ. ಅವ್ವನ್ನ ಕೇಳ್ರಿ, ಆಕಿಗೆ ಬಾಯಿ ಐತಿ.”

ಕಟ್ಟೆಯ ಮೇಲಿಂದ ಉತ್ತರ ಬಂತು. “ನನಗ ಬಾಯಿ ಇದ್ದಿದ್ದಕ್ಕ ನೀನು ಪೈಪು ಮಾರಾಕತ್ತೀಯಲೇ. ಕುಂದ್ರವ್ವ ನೀನು. ಚಾ ಕುಡೀತೀಯೇನು?”

ಫೋನಿನಲ್ಲಿ ತೆಗೆದುಕೊಂಡಿದ್ದ ಜಾಹೀರಾತಿನ ಚಿತ್ರ ತೋರಿಸಿದೆ. ಕೊಟ್ರಯ್ಯ ಗಲ್ಲಾ ಬಿಟ್ಟು ಬಂದು ಬಗ್ಗಿ ನೋಡಿದರು. ತಾಯಿಯ ಹೆಸರು ಅಚ್ಚಾದದ್ದನ್ನು ಅವರು ನೋಡಿಯೇ ಇರಲಿಲ್ಲ. “ಅಂಡ್ ಸನ್ಸ್ ಅಂತೈತಲ್ಲಬೇ” ಎಂದರು. “ನೀ ಆವಾಗ ಚಡ್ಡಿ ಹಾಕ್ಕೊಂಡು ಬೆಲ್ಲ ಕದ್ದು ತಿಂತಿದ್ದಿ. ಆದ್ರೂ ಬೋರ್ಡಿನ್ಯಾಗ ಗಂಡಸರು ಇರಬೇಕಂತ, ಹಾಕಿಸಿದ್ದೆ” ಎಂದರು ಚೆನ್ನಬಸಮ್ಮ.

ಟವೆಲ್ಲಿನ ಮಾತು ಕೇಳಿದಾಗ ಅವರು ಬಹಳ ಹೊತ್ತು ನಕ್ಕರು. ಗಂಡ ತೀರಿಕೊಂಡ ಮೇಲೆ ಮಂಡಿ ಅವರ ಕೈಗೆ ಬಂತು. ಆದರೆ ಯಾವ ಗಂಡಸೂ ಟವೆಲ್ಲಿನ ಕೆಳಗೆ ಅವರ ಬೆರಳು ಹಿಡಿಯುವ ಹಾಗಿರಲಿಲ್ಲ. “ನಾನರ ಹೆಂಗ ಹಿಡಿಲಿ? ಕೈ ಹಿಡದೋನು ಒಬ್ಬ ಇದ್ದ, ಹೋದ. ಬೆಲ್ಲದ ಸಲುವಾಗಿ ಊರಾನೋರ ಕೈಯೆಲ್ಲಾ ಹಿಡಕೊಂಡು ಕುಂದರಲೇನು? ಒದರಿಬಿಟ್ಟೆ. ನಿಂತು, ಇಷ್ಟಕ್ಕ ಕೊಡ್ತೀನಿ, ಯಾರು ತಗೊಂತೀರಿ ಬರ್ರಿ ಅಂತ ಒದರಿದೆ. ಎಲ್ಲಾರೂ ನಕ್ಕರು, ಹೆಣ್ಮಗಳು ಸಂತ್ಯಾಗ ತಪ್ಪಲ ಮಾರಿದಂಗ ಒದರತಾಳ ಅಂತ. ನಗಲಿ ಬಿಡು. ಎಮ್ಮಿಗನೂರಿನ ಗಾಡಿಯವ್ರು ನಗಲಿಲ್ಲ. ತಮ್ಮ ಬೆಲ್ಲ ಎಷ್ಟಕ್ಕ ಹೋತು ಅಂತ ಅವ್ರಿಗೆ ಕಿವಿಲೆ ಕೇಳಿದ್ದು ಅದ ಮೊದಲು. ಮುಂದಿನ ಸಲ ಗಾಡಿ ಸೀದಾ ನನ್ನ ಮಂಡಿಗೆ ಹೊಡದ್ರು.”

ಇದೇ ನನ್ನ ಅಸೈನ್‌ಮೆಂಟ್. ಒಂದು ನಿರ್ಬಂಧ, ಅಂದರೆ ಹೆಂಗಸು ಗಂಡಸರ ಕೈ ಮುಟ್ಟಬಾರದು ಎಂಬುದು, ಒಬ್ಬ ವ್ಯಾಪಾರಿಯನ್ನು ರೂಢಿಯಿಂದ ಹೊರಗೆ ನಿಲ್ಲಿಸಿತು. ಹೊರಗೆ ನಿಂತದ್ದರಿಂದಲೇ ಅವರ ದರ ಎಲ್ಲರಿಗೂ ಕೇಳಿಸಿತು. ಕೇಳಿಸಿದ್ದರಿಂದ ಸರಕು ಅವರಲ್ಲಿಗೆ ಬಂತು. ಬೆಲೆಯ ಪಾರದರ್ಶಕತೆ ಎಂದು ನಮ್ಮ ಪಠ್ಯದಲ್ಲಿ ಒಂದು ಅಧ್ಯಾಯವಿದೆ. ಅದರ ಉದಾಹರಣೆಗಳೆಲ್ಲ ಸಮುದ್ರದಾಚೆಯವು. ನಾನು ಒಂದು ಉದಾಹರಣೆಯನ್ನು ಕಂಪ್ಲಿಯಿಂದ ಕೊಟ್ಟೆ. ಜಾಹೀರಾತು, ಲೇಖನ, ಅದೇ ಅರೆಯಲ್ಲಿದ್ದ ಇನ್ನೆರಡು ಸಂಚಿಕೆಗಳು, ಚೆನ್ನಬಸಮ್ಮನವರ ಸಂದರ್ಶನ, ಪಠ್ಯಪುಸ್ತಕ, ಇವು ನನ್ನ ಆಕರಗಳು. ಪುಟಸಂಖ್ಯೆ ಸಹಿತ ಬರೆದೆ. ಎಲ್ಲಿ ಅವರ ಮಾತು ಮುಗಿದು ನನ್ನ ಊಹೆ ಶುರುವಾಗುತ್ತದೆಂದೂ ಬರೆದೆ. ಉಳಿದ ಮಂಡಿಗಳು ಟವೆಲ್ ಬಿಟ್ಟವು ಎಂದು ಬರೆಯಲಿಲ್ಲ, ಏಕೆಂದರೆ ಅವು ಬಿಡಲಿಲ್ಲ.

ಸಲ್ಲಿಸುವಾಗ ನಿಮ್ಮ ಪೋರ್ಟಲ್ ನನ್ನನ್ನು ತಡೆಯಿತು. ಪ್ರತಿ ಆಕರದ ಮುಂದೆ ‘ಲಿಂಕ್’ ಎಂಬ ಒಂದು ಚೌಕ. ಅದನ್ನು ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಆ ಸಂಚಿಕೆಗಳಿಗೆ ಲಿಂಕ್ ಇಲ್ಲ. ಅವು ಅಂತರಜಾಲ ಈ ಊರಿಗೆ ಬರುವ ಮೊದಲೇ ಕಪಾಟಿಗೆ ಬಂದವು. ಸುಳ್ಳು ಲಿಂಕ್ ಹಾಕಲು ಮನಸ್ಸಾಗಲಿಲ್ಲ. ಹಾಗಾಗಿ ಆ ಚೌಕದಲ್ಲಿ ನಿಜವನ್ನೇ ಬರೆದೆ: ‘ಹೊಸಪೇಟೆಯ ಸಾರ್ವಜನಿಕ ಗ್ರಂಥಾಲಯ, ಕಿಟಕಿ ಪಕ್ಕದ ಕಪಾಟು, ಕೆಳಗಿನ ಅರೆ. ಬಗ್ಗಿ ನೋಡಬೇಕು.’ ಪೋರ್ಟಲ್ ಅದನ್ನು ಒಪ್ಪಿಕೊಂಡಿತು. ಯಂತ್ರಕ್ಕೆ ಅಷ್ಟು ಸೌಜನ್ಯವಿತ್ತು.

ಮೌಲ್ಯಮಾಪಕರ ಷರಾ ಹೀಗಿದೆ: ‘ಲಿಂಕ್‌ಗಳು ತೆರೆಯುತ್ತಿಲ್ಲ. ಆಕರಗಳು ಕಲ್ಪಿತ. ಸಂದರ್ಶಿತ ವ್ಯಕ್ತಿಯ ಅಸ್ತಿತ್ವವೂ ಅಂತರಜಾಲದಲ್ಲಿ ದೃಢಪಟ್ಟಿಲ್ಲ.’

ಲಿಂಕ್‌ಗಳು ತೆರೆಯುತ್ತಿಲ್ಲವಂತೆ. ಕಪಾಟಿನ ವಿಳಾಸದ ಮೇಲೆ ಅವರು ಎಷ್ಟು ಸಲ ಬೆರಳಿಟ್ಟು ಒತ್ತಿರಬಹುದು?

ಇನ್ನೊಂದು ಅಸೈನ್‌ಮೆಂಟಿನ ಕತೆಯನ್ನೂ ಕೇಳಿ. ನನ್ನ ಸಹಪಾಠಿಯೊಬ್ಬನಿದ್ದಾನೆ. ಅವನನ್ನು ಇಲ್ಲಿ ಮಾರೇಶ ಎಂದು ಕರೆಯುತ್ತೇನೆ. ಈ ಪತ್ರದಲ್ಲಿ ಕಲ್ಪಿತವಾದದ್ದು ಅದೊಂದೇ ಹೆಸರು. ರಜೆಯ ದಿನಗಳಲ್ಲಿ ಹಂಪಿಯಲ್ಲಿ ಪ್ರವಾಸಿಗರಿಗೆ ಗೈಡ್ ಆಗಿ ದುಡಿದು ಶುಲ್ಕ ಕಟ್ಟುವ ಹುಡುಗ. ಓದಲು ಅವನಿಗೆ ಹೊತ್ತಿಲ್ಲ, ಅದು ಅವನ ತಪ್ಪೂ ಅಲ್ಲ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಅಸೈನ್‌ಮೆಂಟ್ ಕೊಂಡ. ನಮ್ಮ ಸುತ್ತಲಿನ ಉದ್ಯಮ ಎಂದು ಅದರಲ್ಲಿರುವುದು ಯುರೋಪಿನ ಒಂದು ಪೀಠೋಪಕರಣ ಮಳಿಗೆ. ಅವನಿಗೆ ಅತ್ಯುತ್ತಮ ಶ್ರೇಣಿ ಬಂತು. ಅವನ ಆಕರಗಳನ್ನು ನಾನು ಕೂತು ಒಂದೊಂದಾಗಿ ನೋಡಿದೆ. ಲಿಂಕ್‌ಗಳೆಲ್ಲ ತೆರೆಯುತ್ತವೆ. ಒಂದು ನಾಯಿಗಳ ಬಿಸ್ಕತ್ತು ಮಾರುವ ಪುಟಕ್ಕೆ ತೆರೆಯುತ್ತದೆ. ಇನ್ನೊಂದು ಆಕರದಲ್ಲಿ ಹೆಸರಿಸಿದ ಪುಸ್ತಕವನ್ನು ಯಾರೂ ಬರೆದೇ ಇಲ್ಲ. ಯಂತ್ರವೊಂದು ಹೊಸೆದು ಕೊಟ್ಟ ಹೆಸರು ಅದು. ನಾನು ಇದನ್ನು ಹೇಳಿದಾಗ ಅವನು ಮನಬಿಚ್ಚಿ ನಕ್ಕ.

“ನಿನಗ ತಲಿ ಇಲ್ಲ ಶಾಂಭವಿ. ಹಂಪ್ಯಾಗ ನಾನು ದಿನಾ ಫಾರಿನ್ನರಿಗೆ ಕತಿ ಹೇಳತೀನಿ. ಈ ಕಂಬ ಬಾರಿಸಿದ್ರ ರಾಣಿ ಎದ್ದು ಬರತಿದ್ಲು ಅಂತೀನಿ. ಯಾವನರ ಲಿಂಕ್ ಕೇಳ್ಯಾನೇನು? ಖುಷಿಯಾಗಿ ಟಿಪ್ಸ್ ಕೊಡತಾರ. ಪೇಪರ್ ನೋಡೋ ಇವ್ರೂ ಟೂರಿಸ್ಟ್ ಮಂದಿನ. ಕಂಬ ನೋಡಂಗಿಲ್ಲ, ಬೋರ್ಡ್ ನೋಡತಾರ.”

“ನಿನ್ನ ಹೆಸರು ಹೇಳಲ್ಲ. ನಿನ್ನ ಅಸೈನ್‌ಮೆಂಟಿನ ವಿಷಯ ಬರೀಲಾ?” ಎಂದು ಕೇಳಿದೆ. “ಬರಿ. ಆದ್ರ ಆ ನಾಯಿ ಬಿಸ್ಕೀಟು ಬ್ಯಾಡ, ಮಾನ ಹೊಕ್ಕೈತಿ” ಎಂದ. ಅವನ ಮಾನಕ್ಕೆ ಹೆಸರು ಬದಲಿಸಿದ್ದೇನೆ. ನಾಯಿ ಬಿಸ್ಕತ್ತು ನಿಮ್ಮ ಕಚೇರಿಯ ಮಾನಕ್ಕೆ ಸಂಬಂಧಿಸಿದ್ದು, ಹಾಗಾಗಿ ಉಳಿಸಿಕೊಂಡಿದ್ದೇನೆ. ಅವನ ಅಂಕ ಕಸಿಯಿರಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ತಕ್ಕಡಿಯನ್ನು ನೋಡಿಕೊಳ್ಳಿ ಎನ್ನುತ್ತಿದ್ದೇನೆ.

ವಿಚಾರಣೆಗೆ ಕರೆದಿರಿ, ಬಂದೆ. ಮೂಲ ಪ್ರತಿ ತರಬೇಕು ಎಂದಿದ್ದಿರಿ. ಆ ಸಂಚಿಕೆಗಳನ್ನು ಗ್ರಂಥಾಲಯದಿಂದ ಹೊರಗೆ ಒಯ್ಯುವಂತಿಲ್ಲ, ಅದು ನಿಯಮ. ಫೋನಿನ ಚಿತ್ರ ತೋರಿಸಿದೆ. ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು ಎಂದರು ವಿಚಾರಣಾ ಸಮಿತಿಯ ಅಧ್ಯಕ್ಷರು. ಜೆರಾಕ್ಸ್ ಕೊಟ್ಟೆ. ಪತ್ರಾಂಕಿತ ಅಧಿಕಾರಿಯ ದೃಢೀಕರಣ ಬೇಕು ಎಂದರು. ಪತ್ರಾಂಕಿತ ಅಧಿಕಾರಿಯೊಬ್ಬರನ್ನು ಮೊದಲೇ ಕೇಳಿದ್ದೆ. ಮೂಲ ಪ್ರತಿ ಕಣ್ಣಿಗೆ ಬೀಳದೆ ಸಹಿ ಹಾಕುವುದಿಲ್ಲ, ಮೂಲ ಪ್ರತಿ ಇರುವಲ್ಲಿಗೆ ಬರಲು ಸಮಯವಿಲ್ಲ ಎಂದಿದ್ದರು. ಕೊನೆಗೆ ರೇಣುಕಮ್ಮನವರು ಗ್ರಂಥಾಲಯದ ಮುದ್ರೆಯೊಂದಿಗೆ ಬರೆದುಕೊಟ್ಟ ಪತ್ರವನ್ನು ಮುಂದಿಟ್ಟೆ. ‘ಸದರಿ ಸಂಚಿಕೆಗಳು ನಮ್ಮಲ್ಲಿ ಇರುತ್ತವೆ’ ಎಂದಿತ್ತು. ಅಧ್ಯಕ್ಷರು ಅದನ್ನು ಓದಿ, ತಿರುಗಿಸಿ, ಬೆನ್ನು ನೋಡಿ, “ಇದನ್ನು ಪ್ರಮಾಣೀಕರಿಸಲು ಇವರು ಸಕ್ಷಮ ಪ್ರಾಧಿಕಾರ ಅಲ್ಲ” ಎಂದರು.

ಪುಸ್ತಕವೊಂದು ಗ್ರಂಥಾಲಯದಲ್ಲಿದೆ ಎಂದು ಹೇಳಲು ಗ್ರಂಥಾಲಯದವರು ಸಕ್ಷಮರಲ್ಲದಿದ್ದರೆ ಯಾರು ಸಕ್ಷಮರು, ಕುಲಸಚಿವರೇ? ನನ್ನ ಪ್ರಶ್ನೆಯಲ್ಲಿ ವ್ಯಂಗ್ಯವಿಲ್ಲ. ವಿಳಾಸ ಕೊಡಿ, ಹೋಗಿ ಕೇಳುತ್ತೇನೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರುತ್ತಿರಲಿಲ್ಲವೇನೋ. ವಿಚಾರಣೆ ಮುಗಿಸಿ ಹೊರಬಂದಾಗ ಸಮಿತಿಯ ಸದಸ್ಯರೊಬ್ಬರು ಹಿಂದೆಯೇ ಬಂದರು. ಒಳ್ಳೆಯ ಮನುಷ್ಯ, ನನ್ನ ಮೇಲೆ ಅವರಿಗೆ ಕರುಣೆಯೇ ಇತ್ತು. ಕೈಲಿದ್ದ ಫೈಲನ್ನು ಬಾಯಿಗೆ ಅಡ್ಡ ಹಿಡಿದು, ದನಿ ತಗ್ಗಿಸಿ ಹೇಳಿದರು: “ನೋಡವ್ವ, ಇದು ಸಣ್ಣ ಮಾತು. ಆ ಸೋವನೀರೆಲ್ಲಾ ತಗದುಬಿಡು. ಬ್ಯಾರೆ ಲಿಂಕ್ ಹಾಕು. ತಪ್ಪೊಪ್ಪಿಗಿಗೆ ಸಹಿ ಮಾಡು. ಜಲ್ದಿ ಪಾಸ್ ಮಾಡಿಸ್ತೀವಿ. ಯಾರಿಗೂ ಗೊತ್ತಾಗಂಗಿಲ್ಲ.”

“ಯಾವ ಲಿಂಕ್ ಸರ್?”

“ಯಾವುದರ ಹಾಕವ್ವ. ತೆರಕೊಂಡ್ರ ಸಾಕು.”

ನಾನು ಹೊಸಪೇಟೆಯ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ಸಹಿ ಹಾಕಿಬಿಡುವ ಮನಸ್ಸೇ ಇತ್ತು. ಸಂಡೂರಿನ ಸಹಕಾರ ಸಂಘವೊಂದು ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ನನ್ನನ್ನು ಆಯ್ಕೆ ಮಾಡಿದೆ. ಈ ಸೆಮಿಸ್ಟರಿನ ಅಂಕಪಟ್ಟಿ ತಂದರೆ ಸೇರಬಹುದು, ತಾರದಿದ್ದರೆ ಮುಂದಿನವರನ್ನು ಕರೆಯುತ್ತಾರೆ. ಈ ಸಲ ಪರೀಕ್ಷೆ ತಪ್ಪಿದರೆ ಒಂದು ವರ್ಷದ ಜೊತೆಗೆ ಆ ಕೆಲಸವೂ ಹೋಗುತ್ತದೆ. ಮನೆಯಲ್ಲಿ ಹೇಮಾ, “ಒಂದು ಸಹಿಗೆ ಇಷ್ಟು ರಂಪ ಮಾಡ್ತಿಯಲ್ಲೇ? ಹಾಕಿ ಒಗಿ ಅತ್ಲಾಗ. ಆ ಮುದುಕಿಗೆ ಏನು ಗೊತ್ತಾಕ್ಕೈತಿ?” ಎಂದಳು.

ಅದೇ ಮಾತು ನನ್ನನ್ನು ಚುಚ್ಚಿತು. ಮರುದಿನ ಕಂಪ್ಲಿಗೆ ಹೋಗಿ, ವಿಶ್ವವಿದ್ಯಾಲಯ ನಿಮ್ಮನ್ನು ಇಲ್ಲ ಅನ್ನುತ್ತಿದೆ ಎಂದು ಚೆನ್ನಬಸಮ್ಮನವರಿಗೇ ಹೇಳಿದೆ. ನಿಮ್ಮ ಮೌಲ್ಯಮಾಪಕರ ಷರಾವನ್ನು ಓದಿ, ಸರಳ ಮಾಡಿ ತಿಳಿಸಿದೆ. ವಿಚಾರಣೆಯ ಆಮೇಲೆ ಆ ಸದಸ್ಯರು ಹಿಂದೆ ಬಂದು ಹೇಳಿದ್ದನ್ನೂ ಹೇಳಿದೆ.

“ನಾ ಇಲ್ಲಂತೇನು?” ಎಂದು ಮಗನತ್ತ ತಿರುಗಿದರು. “ಭಾಳ ಚಲೋ ಆತು. ಕೊಟ್ರ, ನಾಳಿಯಿಂದ ಬಿಪಿ ಗುಳಿಗಿ ತರಬ್ಯಾಡಪ. ಇಲ್ಲದಾಕಿಗೆ ಯಾತರ ಬಿಪಿ?” ಕೊಟ್ರಯ್ಯ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ಆಮೇಲೆ ನಗಲಿಲ್ಲ. ಎಲೆಗೆ ಸುಣ್ಣ ಸವರುತ್ತ ಕೇಳಿದರು: “ಆ ಮನಷ್ಯಾ ನಿನಗ ಹಿಂದ ಬಂದು ಹೇಳಿದನಲ್ಲ, ಯಾರಿಗೂ ಗೊತ್ತಾಗಂಗಿಲ್ಲ ಅಂತ. ಹೇಳುವಾಗ ಬಾಯಿ ಮ್ಯಾಗ ಏನು ಹಿಡದಿದ್ದ?”

“ಫೈಲು.”

“ಹೂಂ” ಎಂದರು. ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಮಾನ್ಯರೇ, ಆ ತಪ್ಪೊಪ್ಪಿಗೆ ನನ್ನ ಮೇಜಿನ ಮೇಲೆ ಖಾಲಿಯಾಗಿಯೇ ಇದೆ. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಹಾಕಿದರೆ ಮೊದಲ ಬಾರಿಗೆ ನಿಜವಾಗಿ ಸುಳ್ಳು ದಾಖಲೆ ಸಲ್ಲಿಸಿದ ಹಾಗಾಗುತ್ತದೆ, ಅದೂ ನಿಮ್ಮ ಅಪ್ಪಣೆಯಿಂದ. ಇರುವ ಪುಸ್ತಕವನ್ನು ಇಲ್ಲವೆಂದೂ, ಕೂತು ಮಾತನಾಡಿದ ಹೆಂಗಸನ್ನು ನಾನೇ ಹುಟ್ಟಿಸಿಕೊಂಡೆನೆಂದೂ ಬರೆದುಕೊಟ್ಟು ಪಡೆದ ಪದವಿಯನ್ನು ಹಿಡಿದು ನಾನು ಯಾವ ಸಂಘದ ಲೆಕ್ಕವನ್ನು ನೋಡಲಿ? ಫೈಲಿನ ಮರೆಯಲ್ಲಿ ನನಗೆ ಹೇಳಿದ ದರ ಅಗ್ಗವಾಗಿಯೇ ಇತ್ತು. ಆದರೆ ಬೆರಳು ಬಿಡಿಸಿಕೊಂಡಿದ್ದೇನೆ. ನನ್ನ ದರವನ್ನು ಎಲ್ಲರಿಗೂ ಕೇಳುವಂತೆ ಇಲ್ಲಿ ಹೇಳುತ್ತೇನೆ. ನಗುವವರು ನಗಲಿ.

‘ಕಲ್ಪಿತ’ ಎಂಬ ಪದವನ್ನು ಹಿಂತೆಗೆದುಕೊಳ್ಳಿ. ನನ್ನ ಬರಹವನ್ನು ಓದಿ ಅಂಕ ಕೊಡಿ. ಅದು ಕೆಟ್ಟದಾಗಿದ್ದರೆ ಕಡಿಮೆ ಕೊಡಿ, ಓದಿ ಕೊಟ್ಟ ಸೊನ್ನೆಯನ್ನು ಒಪ್ಪಿಕೊಳ್ಳುತ್ತೇನೆ. ಲಿಂಕ್ ಇಲ್ಲದ ಪುಸ್ತಕಗಳಿಗೂ ನಿಮ್ಮ ಪೋರ್ಟಲ್ಲಿನಲ್ಲಿ ಒಂದು ಚೌಕ ಮಾಡಿ, ಈ ನಾಡಿನ ಹೆಚ್ಚಿನ ಪುಸ್ತಕಗಳು ಹಾಗೆಯೇ ಇವೆ. ಗಾಜಿನ ಬೀರುವಿನ ಕೀಲಿಯನ್ನು ಉಚ್ಚೆಂಗಪ್ಪನವರ ಕೈಗೆ ಕೊಡಿ. ಮತ್ತೆ, ಇದು ನನ್ನ ಮುಖ್ಯ ಬೇಡಿಕೆ, ಪರೀಕ್ಷೆಯ ಪ್ರವೇಶಪತ್ರ ಹಂಚುವ ಮೊದಲು ಒಂದು ದಿನ ತಾವೇ ಹೊಸಪೇಟೆಗೆ ಬನ್ನಿ. ಸಮಿತಿಯನ್ನು ಕಳಿಸಬೇಡಿ, ತಾವೇ ಬನ್ನಿ. ಇಲ್ಲಿನ ಬೀರುಗಳಿಗೆ ಬೀಗವಿಲ್ಲ. ಮಧ್ಯಾಹ್ನದ ಮೇಲೆ ನಾನು ಅಲ್ಲೇ ಇರುತ್ತೇನೆ, ಯಾವುದೋ ದೂರದ ಊರಿನ ಕಾದಂಬರಿ ಓದುತ್ತ. ನನ್ನನ್ನು ಮಾತನಾಡಿಸಬೇಕಾಗಿಯೂ ಇಲ್ಲ. ರೇಣುಕಮ್ಮನವರು ಕಪಾಟು ತೋರಿಸುತ್ತಾರೆ.

ಕಿಟಕಿಯ ಪಕ್ಕದ್ದು, ಕೆಳಗಿನ ಅರೆ. ತಾವು ಸ್ವಲ್ಪ ಬಗ್ಗಬೇಕಾಗುತ್ತದೆ.

ಇಂತಿ,
ಲಿಂಕ್ ಇಲ್ಲದಿದ್ದರೂ ವಿಳಾಸ ಇರುವ,
ತಾವು ಕೂರಲು ಬಿಟ್ಟರೆ ಎಂ.ಕಾಂ. ಅಂತಿಮ ಸೆಮಿಸ್ಟರಿನ ವಿದ್ಯಾರ್ಥಿನಿ,
ಶಾಂಭವಿ
ಹೊಸಪೇಟೆ